ರೋಗಿಯ ಸಾಕ್ಷ್ಯ

ಅಮೆರಿಕೆಯ ಕನೆಕ್ಟಿಕಟ್ ಸಂಸ್ಥಾನದ ಲೈಮ್ ಎಂಬ ಊರಿನಲ್ಲಿ ನಾಲ್ಕು ಮಕ್ಕಳ ತಾಯಿಯಾಗಿ, ಚಿತ್ರಕಲಾವಿದೆಯಾಗಿ ಬಾಳಿದ ಪಾಲಿ ಮರೆ ಅವರು 1996ರಲ್ಲಿ ಹೊರತಂದ ‘ದಿ ವೈಡನಿಂಗ್ ಸರ್ಕಲ್’ ಎಂಬ ಗ್ರಂಥವನ್ನು ರೋಗಪೀಡಿತ ಕುಟುಂಬವೊಂದರ ಕರುಣಕಥೆಯೆಂದು ಮಾತ್ರ ಓದಿದರೆ ಅದರ ಸಾರವೇ ಕೈತಪ್ಪಿಹೋಗುವುದು. ಜ್ವರ, ಶಿರೋವೇದನೆ, ಮೈಮೇಲೆ ಏಳುವ ಕೆಂಪು ಮಚ್ಚೆ, ಬಾತುಕೊಂಡ ಮೊಣಕಾಲು ಇವುಗಳಿಂದ ತಾವೂ ತಮ್ಮ ಮನೆಯವರೂ ವರ್ಷಗಟ್ಟಲೆ ನರಳಿ, ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಅಲೆದು, ಕಡೆಗೆ ಇದೆಲ್ಲ ಮನಸ್ಸಿನ ವಿಕಾರವಿರಬಹುದೆಂಬ ಮಾತನ್ನೂ ಕೇಳಬೇಕಾಗಿ ಬಂದ ಈ ಮಹಿಳೆ, ಯಾರಲ್ಲಿ ಯಾವ ಲಕ್ಷಣ ಎಂದು ತೋರಿತು, ಎಷ್ಟು ಕಾಲ ಉಳಿಯಿತು ಎಂಬುದನ್ನು ತಾಳ್ಮೆಯಿಂದ ಬರೆದಿಡುತ್ತ ಬಂದರು. ಗ್ರಂಥದ ಬಲವೂ ದೌರ್ಬಲ್ಯವೂ ಈ ದಾಖಲೆಯಲ್ಲಿಯೇ ಇವೆ. ಲಕ್ಷಣಗಳ ವಿವರ ಮರಳಿ ಮರಳಿ ಬಂದು ಓದುಗನನ್ನು ದಣಿಸುವುದುಂಟು. ಆದರೆ ಹೆಸರಿಲ್ಲದ ವ್ಯಾಧಿಯೊಡನೆ ಬದುಕುವುದೆಂದರೆ ಹೀಗೆಯೇ ದಣಿಯುವುದೆಂಬ ಅರಿವು ಆ ಪುನರುಕ್ತಿಯಿಂದಲೇ ಮೂಡುವುದರಿಂದ, ಅದನ್ನು ದೋಷವೆಂದು ತಳ್ಳಿಹಾಕಲು ನನ್ನ ಮನಸ್ಸೊಪ್ಪದು.

1975ರಲ್ಲಿ ಅವರೂ ಜೂಡಿತ್ ಮೆನ್ಷ್ ಎಂಬ ಇನ್ನೊಬ್ಬ ತಾಯಿಯೂ, ಇಷ್ಟು ಸಣ್ಣ ಪ್ರದೇಶದ ಇಷ್ಟೊಂದು ಮಕ್ಕಳಿಗೆ ಕೀಲುರೋಗ ತಗಲಿರುವುದು ಸಹಜವಲ್ಲವೆಂದು ಸಂಸ್ಥಾನದ ಆರೋಗ್ಯ ಇಲಾಖೆಗೆ ತಿಳಿಸಿದರು. ಯೇಲ್ ವಿಶ್ವವಿದ್ಯಾನಿಲಯದ ತರುಣ ವೈದ್ಯ ಅಲೆನ್ ಸ್ಟೀರ್ ಅವರು ಈ ತಾಯಂದಿರ ಮಾತನ್ನು ಉಪೇಕ್ಷಿಸದೆ ತಮ್ಮ ಸಹೋದ್ಯೋಗಿಗಳೊಡನೆ ವಿಚಾರಣೆಗೆ ತೊಡಗಿ, 39 ಮಕ್ಕಳೂ 12 ವಯಸ್ಕರೂ ಸೇರಿದ ರೋಗಿಸಮೂಹದ ವೃತ್ತಾಂತವನ್ನು 1977ರಲ್ಲಿ ವೈದ್ಯಲೋಕದ ಮುಂದಿಟ್ಟರು. 1982ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಮತ್ತು ಸಂಗಡಿಗರು ಆ ಊರಿನ ಹೆಸರಿನಿಂದಲೇ ಲೈಮ್ ರೋಗವೆನಿಸಿಕೊಂಡ ಈ ವ್ಯಾಧಿಗೆ ಕಾರಣವಾದ, ಉಣುಗಿನ ಕರುಳಿನಲ್ಲಿ ಕಂಡ ಸುರುಳಿಯಾಕಾರದ ರೋಗಾಣುವಿನ ಸಂಗತಿಯನ್ನು ಪ್ರಕಟಿಸಿದರು. ನಮ್ಮ ಮಲೆನಾಡಿನಲ್ಲಿಯೂ 1957ರಲ್ಲಿ, ಕ್ಯಾಸನೂರು ಕಾಡಿನ ಸುತ್ತ ಉಣುಗಿನಿಂದ ಹರಡುವ ಬೇರೊಂದು ಜ್ವರ ಕಾಣಿಸಿಕೊಂಡಾಗ, ಸತ್ತು ಬೀಳುತ್ತಿದ್ದ ಮಂಗಗಳಿಗೂ ಆ ಜ್ವರಕ್ಕೂ ಇರುವ ನಂಟು ಜನರ ಬಾಯಲ್ಲಿ ಮಂಗನ ಕಾಯಿಲೆಯೆಂಬ ಹೆಸರಾಗಿ ನಿಂತಿತಷ್ಟೆ. ನೊಂದವರ ಕಣ್ಣಿಗೆ ಮೊದಲು ಬೀಳುವುದನ್ನು ಶಾಸ್ತ್ರ ತಿರಸ್ಕರಿಸಲಾಗದು.

ಮರೆಯವರಿಂದ ಧೈರ್ಯ ಪಡೆದ ನಂತರದ ರೋಗಿಗಳ ಹೋರಾಟವನ್ನು ಕುರಿತು ಮಾತ್ರ ಇಷ್ಟು ನಿಸ್ಸಂಕೋಚವಾಗಿ ಹೊಗಳಲಾರೆ. ವೈದ್ಯರು ರಕ್ತಪರೀಕ್ಷೆಯನ್ನೇ ನೆಚ್ಚಿ ತಮ್ಮನ್ನು ಕಡೆಗಣಿಸುವರೆಂಬ ಈ ರೋಗಿಗಳ ದೂರಿನಲ್ಲಿ ಸತ್ಯಾಂಶವಿದೆ: ರಕ್ತದಲ್ಲಿ ಪ್ರತಿಕಾಯಗಳು ಮೂಡಲು ಕೆಲವು ವಾರಗಳು ಬೇಕಾದುದರಿಂದ ಆರಂಭದ ದಿನಗಳ ರಕ್ತಪರೀಕ್ಷೆಯನ್ನು ನಂಬುವಂತಿಲ್ಲ; ಹರಡುತ್ತ ಹೋಗುವ ಆ ಕೆಂಪು ಮಚ್ಚೆಯನ್ನು ಕಣ್ಣಾರೆ ಕಂಡ ವೈದ್ಯನು ವರದಿಗಾಗಿ ಕಾಯದೆ ಡಾಕ್ಸಿಸೈಕ್ಲಿನ್ ಮೊದಲಾದ ಔಷಧವನ್ನು ಕೊಡತಕ್ಕದ್ದು. ಆ ಚಿಕಿತ್ಸೆಯ ಬಳಿಕವೂ ಆಯಾಸ, ನೋವು, ಮರೆವು ತಿಂಗಳುಗಟ್ಟಲೆ ಬಿಡದೆ ಕಾಡುವವರಿರುವುದು ನಿಜ. ಆದರೆ ಇವರಲ್ಲಿ ಅನೇಕರು, ಮೈಯಲ್ಲಿ ರೋಗಾಣು ಇನ್ನೂ ಅಡಗಿದೆಯೆಂಬ ನಂಬಿಕೆಯಿಂದ ದೀರ್ಘಕಾಲ ರಕ್ತನಾಳದ ಮೂಲಕ ಪ್ರತಿಜೈವಿಕಗಳನ್ನು ಏರಿಸಿಕೊಂಡುದು ಅಪಾಯಕ್ಕೆಳೆಸಿದ ದಾರಿ. 2001ರಲ್ಲಿ ಮಾರ್ಕ್ ಕ್ಲೆಂಪ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, 30 ದಿನ ರಕ್ತನಾಳದ ಮೂಲಕವೂ ಮುಂದಿನ 60 ದಿನ ಬಾಯಿಯ ಮೂಲಕವೂ ಔಷಧ ಪಡೆದವರು, ಔಷಧವಿಲ್ಲದ ಹುಸಿಮದ್ದನ್ನು ಪಡೆದವರಿಗಿಂತ ಹೆಚ್ಚು ಗುಣ ಹೊಂದಲಿಲ್ಲ. ರಕ್ತನಾಳದಲ್ಲಿ ಬಹುದಿನ ಉಳಿಯುವ ಕೊಳವೆಯಿಂದ ಸೋಂಕು ತಗಲಿ ಜೀವ ಕಳೆದುಕೊಂಡವರೂ ಉಂಟು. ನೋವು ನಿಜವೆಂಬ ಮಾತ್ರಕ್ಕೆ ಅದರ ಕಾರಣದ ಊಹೆಯೂ ನಿಜವಾಗದು. ಹಾಗೆಯೇ ಊಹೆ ತಪ್ಪೆಂದು ತೋರಿಸಿದ ವೈದ್ಯನು, ನೋವನ್ನೂ ಅದರೊಡನೆ ತಳ್ಳಿಬಿಟ್ಟು ರೋಗಿಯನ್ನು ಬರಿಗೈಯಲ್ಲಿ ಮನೆಗೆ ಕಳುಹಿಸುವುದು ಕರ್ತವ್ಯಚ್ಯುತಿಯೇ ಸರಿ.

ಮರೆಯವರ ಹಟವನ್ನು ಅನುಸರಿಸಿದವರು ಬಹುಮಂದಿ, ಅವರ ಶಿಸ್ತನ್ನು ಅನುಸರಿಸಿದವರು ವಿರಳ. ವೈದ್ಯವಿದ್ಯಾರ್ಥಿಗಳು ಈ ಗ್ರಂಥವನ್ನು ಪಠ್ಯದೊಡನೆ ಇಟ್ಟುಕೊಂಡು ಓದಲಿ. ಉಣುಗು ಕಚ್ಚಿದವರು ಕಚ್ಚಿದ ದಿನವನ್ನೂ ಮಚ್ಚೆಯ ಅಳತೆಯನ್ನೂ ಬರೆದಿಟ್ಟುಕೊಂಡು, ತಡಮಾಡದೆ ವೈದ್ಯರ ಬಳಿಗೆ ಹೋಗಲಿ.