ಗೀತಚಿತ್ರದ ಆಹಾರ್ಯವೂ ವೇಷದ ಅರಿಸಮಾಸವೂ

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಸಾತ್ತ್ವಿಕ, ಆಹಾರ್ಯಗಳೆಂದು ನಾಲ್ಕಾಗಿ ವಿಭಾಗಿಸಿ, ಅವುಗಳಲ್ಲಿ ಆಹಾರ್ಯವನ್ನು ಪುಸ್ತ, ಅಲಂಕಾರ, ಅಂಗರಚನೆ, ಸಜೀವ ಎಂದು ಮತ್ತೆ ನಾಲ್ಕು ಬಗೆಯಾಗಿ ನಿರೂಪಿಸಿರುವನಷ್ಟೆ. ಪ್ರಯೋಗವೆಲ್ಲವೂ ಆಹಾರ್ಯದಲ್ಲಿಯೇ ನೆಲೆಗೊಂಡಿದೆಯೆಂದು ಅವನು ಆ ಸಂದರ್ಭದಲ್ಲಿ ಆಡಿದ ಮಾತನ್ನು ಕೇವಲ ಅರ್ಥವಾದವೆಂದು ಬಗೆದು ಮುಂದಕ್ಕೆ ಸಾಗುವವರೇ ಬಹುಮಂದಿ. ಆದರೆ ಆ ಮಾತು ಅಕ್ಷರಶಃ ಸಲ್ಲುವಂಥ ಒಂದು ದೃಶ್ಯಪ್ರಬಂಧವು ಈಚಿನ ನಾಲ್ಕು ದಶಕಗಳಲ್ಲಿ ಬೆಳೆದುನಿಂತಿದೆ. ಮ್ಯೂಸಿಕ್ ವಿಡಿಯೋ ಎಂದು ಲೋಕದಲ್ಲಿ ಪ್ರಸಿದ್ಧವಾದ, ಇಲ್ಲಿ ಗೀತಚಿತ್ರವೆಂದು ಕರೆಯಲ್ಪಡುವ ಪ್ರಬಂಧವೇ ಅದು. 1981ನೆಯ ಇಸವಿಯ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂ.ಟಿ.ವಿ. ಎಂಬ ಪ್ರಸಾರಸಂಸ್ಥೆಯು ಹಾಡುಗಳನ್ನು ಚಿತ್ರರೂಪದಲ್ಲಿ ಎಡೆಬಿಡದೆ ತೋರಿಸತೊಡಗಿದಂದಿನಿಂದ, ಹಾಡನ್ನು ಕಣ್ಣಿನಿಂದ ಕೇಳುವುದು ಎಂಬ ವಿಪರೀತವಾದರೂ ಸತ್ಯವಾದ ವ್ಯಾಪಾರವು ರೂಢವಾಯಿತು. ಇಂಥ ಚಿತ್ರಗಳಲ್ಲಿ ಕಥೆಯೂ ಪಾತ್ರವೂ ಗೌಣವಾಗಿ, ಉಡುಗೆತೊಡುಗೆಗಳೇ ಮುಂದೆ ನಡೆದು ಮಿಕ್ಕವನ್ನು ಕರೆದೊಯ್ಯುವ ಒಂದು ಜಾತಿಯುಂಟು. ಆ ಜಾತಿಯ ಗುಣದೋಷಗಳನ್ನೂ, ಅದಕ್ಕೆ ಬೇಕಾದ ದೃಶ್ಯಸಾಮಗ್ರಿಯನ್ನು ಸಂಗ್ರಹಿಸುವ ಕ್ರಮವನ್ನೂ ವಿಚಾರಿಸುವುದು ಪ್ರಕೃತ.

ವೇಷವು ಮೈಯ ಹೊರಗಿನದು, ಅಲಂಕಾರಮಾತ್ರ. ಅದನ್ನು ಪ್ರಧಾನವಾಗಿಟ್ಟುಕೊಂಡ ಪ್ರಬಂಧವು ಆತ್ಮವಿಲ್ಲದ ಶರೀರವಲ್ಲವೇ ಎಂಬ ಆಕ್ಷೇಪವು ಮೊದಲು ಎದುರಾಗುತ್ತದೆ. ಶವಕ್ಕೆ ಕುಂಡಲವನ್ನು ತೊಡಿಸಿದರೆ ಶೋಭೆಯುಂಟಾಗದೆಂದು ಆಲಂಕಾರಿಕರು ಹೇಳುವುದೂ ಇದೇ ಅಭಿಪ್ರಾಯದಿಂದಲೇ. ಆಕ್ಷೇಪವು ಬಲವಾದುದೇ ಸರಿ. ಆದರೆ ವೇಷವೇ ವಾಕ್ಯವಾಗಿ ಪರಿಣಮಿಸುವ ಸ್ಥಳವೂ ಉಂಟೆಂಬುದನ್ನು ಅದು ಗಮನಿಸದು. 1990ರಲ್ಲಿ ಜಾರ್ಜ್ ಮೈಕೇಲ್ ಎಂಬ ಆಂಗ್ಲಗಾಯಕನ 'ಫ್ರೀಡಮ್! 90' ಎಂಬ ಗೀತೆಗೆ ಡೇವಿಡ್ ಫಿಂಚರನು ನಿರ್ದೇಶಿಸಿದ ಚಿತ್ರವು ಇದಕ್ಕೆ ಉತ್ತಮವಾದ ಉದಾಹರಣೆ. ಅದರಲ್ಲಿ ಗಾಯಕನು ಕಾಣಿಸಿಕೊಳ್ಳುವುದೇ ಇಲ್ಲ. ನವೋಮಿ ಕ್ಯಾಂಪ್‌ಬೆಲ್, ಲಿಂಡಾ ಇವಾಂಜೆಲಿಸ್ಟಾ, ಕ್ರಿಸ್ಟಿ ಟರ್ಲಿಂಗ್ಟನ್, ಸಿಂಡಿ ಕ್ರಾಫರ್ಡ್, ತಾತ್ಯಾನಾ ಪಾಟಿಟ್ಸ್ ಎಂಬ ಐವರು ರೂಪದರ್ಶಿಯರು ಅವನ ಮಾತಿಗೆ ತುಟಿಯಾಡಿಸುತ್ತಾರೆ. ವಸ್ತ್ರವೈಭವಕ್ಕೆ ಹೆಸರಾದವರನ್ನು ಕೂಡಿಸಿದ ಚಿತ್ರದಲ್ಲಿ ವಸ್ತ್ರವೇ ಅತ್ಯಲ್ಪವೆಂಬುದು ವಿಚಾರಾರ್ಹ. ಒಬ್ಬಳಿಗೆ ಒಂದು ಹೆಣಿಗೆಯ ಅಂಗಿ, ಮತ್ತೊಬ್ಬಳಿಗೆ ನೆಲದಮೇಲೆ ಎಳೆದಾಡುವ ಒಂದು ಉದ್ದನೆಯ ನಾರುಬಟ್ಟೆಯ ಹೊದಿಕೆ, ಇಷ್ಟೆ. ಇದೇ ಗಾಯಕನು 1987ರ 'ಫೇತ್' ಎಂಬ ಗೀತಚಿತ್ರದಲ್ಲಿ ತೊಟ್ಟು ಲೋಕಪ್ರಸಿದ್ಧಿಗೆ ತಂದ ಚರ್ಮದ ಅಂಗಿಯು ಇದರಲ್ಲಿ ಬೆಂಕಿಗೆ ಆಹುತಿಯಾಗುತ್ತದೆ. ತನ್ನ ಕೀರ್ತಿಯ ಪ್ರತಿಮೆಯಿಂದ ತಾನೇ ಬಿಡುಗಡೆ ಹೊಂದಬಯಸುವವನ ಹಾಡಿದು. ಆ ಅರ್ಥವನ್ನು ಹೇಳತಕ್ಕುದು ಮುಖವಲ್ಲ, ಮಾತಲ್ಲ, ಉರಿಯುತ್ತಿರುವ ಅಂಗಿ. ಇಲ್ಲಿ ಆಹಾರ್ಯವು ಅಲಂಕಾರವಾಗಿ ಉಳಿಯದೆ ವ್ಯಂಜಕವಾಯಿತು. ಶವಕುಂಡಲನ್ಯಾಯವು ಇಲ್ಲಿ ಪ್ರವರ್ತಿಸದು.

ಈ ಐವರನ್ನು ಒಟ್ಟಿಗೆ ಕೂಡಿಸುವ ಕಲ್ಪನೆಯು ಆಕಾಶದಿಂದ ಇಳಿದುದಲ್ಲ. ಅದೇ ವರ್ಷದ ಜನವರಿಯ ಬ್ರಿಟಿಷ್ 'ವೋಗ್' ಪತ್ರಿಕೆಯ ಮುಖಪುಟಕ್ಕಾಗಿ ಪೀಟರ್ ಲಿಂಡ್‌ಬರ್ಗನು ಇವರನ್ನೇ ಕೂಡಿಸಿ ತೆಗೆದ ಛಾಯಾಚಿತ್ರವು ಅದರ ಬೀಜ. ಫಿಂಚರನೇ ಅದೇ ವರ್ಷ ನಿರ್ದೇಶಿಸಿದ, ಮಡೊನ್ನಾ ಎಂಬಾಕೆಯ 'ವೋಗ್' ಗೀತಚಿತ್ರದಲ್ಲಿ, ಹಾರ್ಸ್ಟ್ ಎಂಬ ಛಾಯಾಗ್ರಾಹಕನು 1939ರಲ್ಲಿ ತೆಗೆದ, ಬೆನ್ನುಹಾಕಿ ಕುಳಿತ ಸ್ತ್ರೀಯ ಕಂಚುಕಚಿತ್ರದ ಛಾಯೆಯು ಸ್ಪಷ್ಟವಾಗಿ ಕಾಣುತ್ತದೆ. ಹಿಂದಿನವರ ರೂಪವನ್ನು ಕೊಳ್ಳುವುದು ದೋಷವಲ್ಲ. ಆನಂದವರ್ಧನನು ಕವಿಗಳ ಸಂವಾದವನ್ನು ಪ್ರತಿಬಿಂಬದಂತೆ, ಚಿತ್ರಪಟದಂತೆ, ಸದೃಶನಾದ ಮತ್ತೊಬ್ಬ ಮನುಷ್ಯನಂತೆ ಎಂದು ಮೂರಾಗಿ ವಿಂಗಡಿಸಿ, ಮೊದಲೆರಡನ್ನು ಬಿಟ್ಟು ಮೂರನೆಯದನ್ನು ಅಂಗೀಕರಿಸಿದನು. ಗೀತಚಿತ್ರಕಾರರು ಕೆಲಸಕ್ಕೆ ಮುನ್ನ ಗೋಡೆಗೆ ಅಂಟಿಸಿಕೊಳ್ಳುವ ಮಾದರಿಪಟವನ್ನು (ಮೂಡ್ ಬೋರ್ಡ್ ಎಂದು ಅವರ ಪರಿಭಾಷೆ) ಪರೀಕ್ಷಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಕ್ಕದು. ಅಂಟಿಸಿದ ಚಿತ್ರವೇ ತೆರೆಯ ಮೇಲೂ ಇಳಿದರೆ ಅದು ಪ್ರತಿಬಿಂಬ. ಅದರ ಜೀವವು ಬೇರೊಂದು ಮೈಯನ್ನು ಪಡೆದರೆ ಮಾತ್ರ ಅದು ಸಂಗ್ರಹ. ಭಾರತದಲ್ಲಿ 1995ರ 'ಮೇಡ್ ಇನ್ ಇಂಡಿಯಾ' ಎಂಬ ಆಲಿಷಾ ಚಿನಾಯ್ ಅವರ ಗೀತೆಯ ಚಿತ್ರವು ಹಳೆಯ ಸ್ವಯಂವರದ ಕಥೆಯನ್ನೇ ತೆಗೆದುಕೊಂಡು, ನಾನಾ ದೇಶದ ವರರನ್ನು ವೇಷದಿಂದಲೇ ಗುರುತಿಸುವಂತೆ ಮಾಡಿ ಜನಾದರವನ್ನು ಗಳಿಸಿತು. ಅದರ ವೇಷಗಳಲ್ಲಿ ಸೂಕ್ಷ್ಮತೆ ಹೆಚ್ಚಿಲ್ಲವಾದರೂ ದೇಶಭೇದಕ್ಕೆ ತಕ್ಕ ವೇಷವೆಂಬ ಭರತನ ತತ್ತ್ವವು ಅದರಲ್ಲಿ ಕೆಲಸಮಾಡಿದೆ.

ಇನ್ನು ಕನ್ನಡದಲ್ಲಿ ಇಂಥ ಚಿತ್ರವನ್ನು ಯೋಜಿಸುವವರಿಗೆ ಸಾಮಗ್ರಿಯೆಲ್ಲಿ ಎಂಬ ಪ್ರಶ್ನೆ. ಪರದೇಶದ ಪತ್ರಿಕೆಗಳ ಹಾಳೆಗಳನ್ನು ಹರಿದು ಗೋಡೆಗೆ ಅಂಟಿಸುವವರು ಕಲಬುರಗಿ ಜಿಲ್ಲೆಯ ಪೂರ್ವಭಾಗವನ್ನು ಒಮ್ಮೆ ಸುತ್ತಿಬಂದರೆ ಆ ಶ್ರಮವು ತಪ್ಪೀತು. ಚಿಂಚೋಳಿ ತಾಲ್ಲೂಕಿನ ಐನಾಪುರವನ್ನು ನಡುವಾಗಿಟ್ಟುಕೊಂಡು ನೋಡಿದರೆ, ಒಂದು ಕಡೆಗೆ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡ, ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ಮತ್ತೊಂದು ಕಡೆಗೆ ಚಾಲುಕ್ಯರ ಕಲ್ಯಾಣ. ದಕ್ಷಿಣಕ್ಕೆ ಭೀಮಾತೀರದ ಸನ್ನತಿ ಮತ್ತು ಕನಗನಹಳ್ಳಿ. ಸುತ್ತಲೂ ಲಂಬಾಣಿ ತಾಂಡಾಗಳು. ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದು ತೆಗೆದ ಬೌದ್ಧಸ್ತೂಪದ ಸುಣ್ಣಶಿಲೆಯ ಫಲಕಗಳಲ್ಲಿ ಒಂದರಲ್ಲಿ ರಾಜನೂ ರಾಣಿಯೂ ಚಾಮರಛತ್ರಗಳನ್ನು ಹಿಡಿದ ಪರಿಚಾರಿಕೆಯರೂ ಇದ್ದು, ಬ್ರಾಹ್ಮೀ ಲಿಪಿಯಲ್ಲಿ 'ರಾಯಾ ಅಸೋಕೋ' ಎಂದು ಹೆಸರು ಕೊರೆಯಲ್ಪಟ್ಟಿದೆ. ಶಾತವಾಹನ ರಾಜರ ಫಲಕಗಳೂ ಹೆಸರುಸಮೇತವಾಗಿ ಅಲ್ಲಿ ದೊರೆತಿವೆ. ತಲೆಯ ಉಷ್ಣೀಷದ ಸುತ್ತು, ಕಿವಿಯ ಭಾರವಾದ ಓಲೆ, ಸೊಂಟದ ಮೇಖಲೆ, ಕಾಲಿನ ಕಡಗ, ಉಟ್ಟ ವಸ್ತ್ರದ ನೆರಿ ಇವೆಲ್ಲವೂ ಆ ಕಲ್ಲಿನಲ್ಲಿ ಸುವ್ಯಕ್ತವಾಗಿವೆ. ಹೊಲಿಗೆಯಿಲ್ಲದ ಬಟ್ಟೆಯನ್ನು ಕೇವಲ ಸುತ್ತುವುದರಿಂದಲೂ ಕಟ್ಟುವುದರಿಂದಲೂ ಎಷ್ಟು ಆಕೃತಿಗಳನ್ನು ಪಡೆಯಬಹುದೆಂಬುದಕ್ಕೆ ಆ ಫಲಕಗಳೇ ಪಾಠಶಾಲೆ.

ಆದರೆ ಕಲ್ಲಿಗೆ ಈಗ ಬಣ್ಣವಿಲ್ಲ. ಬಣ್ಣವನ್ನು ಹುಡುಕುವವರು ಕಲ್ಯಾಣದ ಚಾಲುಕ್ಯಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸಕ್ಕೆ ಹೋಗುವುದು ಸಹಜ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಹುಟ್ಟಿದ ಆ ಗ್ರಂಥವು ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳದ್ದು. ಅದರ ವಸ್ತ್ರೋಪಭೋಗದಲ್ಲಿ ಕಲಿಂಗ, ವಂಗ, ಸಿಂಹಳ, ನಾಗಪಟ್ಟಣ, ಮಹಾಚೀನವೇ ಮೊದಲಾದ ಎಡೆಗಳ ಬಟ್ಟೆಗಳೂ ಋತುಭೇದದಿಂದ ಉಡತಕ್ಕ ವಸ್ತ್ರಗಳೂ ಹೇಳಲ್ಪಟ್ಟಿವೆ. ಗೀತ, ವಾದ್ಯ, ನೃತ್ಯವಿನೋದಗಳೂ ಅದರಲ್ಲಿಯೇ ಉಂಟು. ಗೀತಚಿತ್ರವನ್ನು ಯೋಜಿಸುವವನಿಗೆ ಒಂದೇ ಕೈಹೊತ್ತಗೆಯಲ್ಲಿ ಇಷ್ಟು ಸಿಕ್ಕುವುದು ದುರ್ಲಭ. ಎಚ್ಚರಿಕೆಯೂ ಇಲ್ಲಿಯೇ ಬೇಕು. ಶಾತವಾಹನ ಶಿಲ್ಪದ ನೆರಿಗೆಗೆ ಸೋಮೇಶ್ವರನ ಪಟ್ಟೆಯ ಬಣ್ಣವನ್ನು ಹಚ್ಚಿ, ಮೇಲೆ ಇಳಕಲ್ಲಿನ ಸೆರಗನ್ನು ಹೊದಿಸಿ, ಗುಳೇದಗುಡ್ಡದ ಖಣದ ಕುಪ್ಪಸವನ್ನು ತೊಡಿಸಿ 'ಪ್ರಾಚೀನ ಕರ್ಣಾಟಕ' ಎಂದು ಕರೆದರೆ, ಸಾವಿರ ವರ್ಷಕ್ಕೂ ಮೀರಿದ ಅಂತರವನ್ನು ಒಂದು ಗುಂಡಿಯಲ್ಲಿ ಪೋಣಿಸಿದಂತಾಯಿತು. ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಕನ್ನಡದೊಡನೆ ಸಂಸ್ಕೃತವನ್ನು ಅರಿಯದೆ ಬೆರಸಿ ಸಮಾಸಮಾಡುವವರನ್ನು ಕಂಡು, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತಾಗುವುದೆಂದು ಹೇಳಿದೆ. ಕೇಶಿರಾಜನ ಕಾಲಕ್ಕೆ ಇದು ಅರಿಸಮಾಸವೆಂಬ ಹೆಸರಿನಿಂದ ವ್ಯಾಕರಣದಲ್ಲಿ ನಿಂತಿತು. ವೇಷದಲ್ಲಿಯೂ ಅರಿಸಮಾಸವುಂಟು. ಬೆರಕೆಯು ಸರ್ವಥಾ ನಿಷಿದ್ಧವೆಂದು ಇದರಿಂದ ತಿಳಿಯಬಾರದು. ಬಿರುದಾವಳಿಯಲ್ಲಿ ವ್ಯಾಕರಣವೇ ಅದಕ್ಕೆ ಎಡೆಗೊಟ್ಟಿದೆ. ಹಾಡೇ ಬೆರಕೆಯನ್ನು ಕುರಿತದ್ದಾದರೆ, ಅಥವಾ ಹಾಸ್ಯವು ಉದ್ದಿಷ್ಟವಾದರೆ, ವೇಷದ ಬೆರಕೆಯು ಅರ್ಥವತ್ತಾಗುತ್ತದೆ. ಮೇಖಲೆಯನ್ನು ಎದೆಗೆ ಕಟ್ಟಿದರೆ ನಗೆಗೇಡೆಂದು ಭರತನು ಹೇಳಿರುವುದರಿಂದಲೇ, ನಗಿಸಬೇಕಾದಲ್ಲಿ ಹಾಗೆ ಕಟ್ಟಬಹುದೆಂದೂ ತಿಳಿಯುತ್ತದೆ.

ಈ ದೋಷವು ಅತ್ಯಂತ ಗುರುತರವಾಗುವ ಸ್ಥಳವು ಲಂಬಾಣಿ ವೇಷ. ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೇಶವನ್ನು ಸುತ್ತುತ್ತಿದ್ದ ಈ ಜನರ ಸ್ತ್ರೀಯರು ಉಡುವ ಪೇಟಿಯಾ, ತೊಡುವ ಕಾಂಚಳಿ, ತಲೆಯಮೇಲಿನ ಛಾಂಟಿಯಾ, ಅವುಗಳ ಮೇಲಿನ ಕನ್ನಡಿಬಿಲ್ಲೆ, ಕವಡೆ, ನಾಣ್ಯ, ಬಣ್ಣದ ನೂಲಿನ ಕಸೂತಿ ಇವು ಛಾಯಾಯಂತ್ರಕ್ಕೆ ಹಬ್ಬದೂಟ. ಶಹಾಬಾದಿನ ಬೂದುಬಣ್ಣದ ಹಾಸುಗಲ್ಲಿನ ಗಣಿಯಲ್ಲಿ ಕೆಂಪು ಪೇಟಿಯಾ ಒಮ್ಮೆ ಸುತ್ತಿದರೆ ನೋಟವು ಬೇರೆಡೆಗೆ ಹೋಗದು. ಆದುದರಿಂದಲೇ ಚಲನಚಿತ್ರಗೀತೆಗಳಲ್ಲಿ ಈ ವೇಷವು ಹಲವು ಸಲ ಬಂದುಹೋಗಿದೆ. ಬಂದಾಗಲೆಲ್ಲ ಸಾಮಾನ್ಯವಾಗಿ ಅದರ ಅರ್ಥವನ್ನು ಹೊರಗಿಟ್ಟೇ ಬಂದಿದೆ. ಲಂಬಾಣಿಯ ಆಭರಣವು ವ್ಯಾಕರಣಬದ್ಧವಾದುದು. ಮೇಲ್ದೋಳಿನ ಬಳಿಯಾ, ಕೂದಲಿನಿಂದ ಕೆನ್ನೆಯ ಪಕ್ಕಕ್ಕೆ ಇಳಿಯುವ ಘೂಗರಿ ಇವು ಮುತ್ತೈದೆಯ ಚಿಹ್ನೆಗಳು. ಪ್ರಥಮಾನುರಾಗದ ಹಾಡಿನಲ್ಲಿ ಕನ್ಯೆಯಾದ ನಾಯಿಕೆಗೆ ಬಳಿಯಾವನ್ನೂ ಘೂಗರಿಯನ್ನೂ ತೊಡಿಸಿ ಕುಣಿಸುವುದು, ತಾಳಿಯನ್ನು ಕಟ್ಟಿಕೊಂಡವಳಿಂದ ವರಾನ್ವೇಷಣೆಯ ಹಾಡನ್ನು ಹಾಡಿಸಿದಷ್ಟೇ ವಿರುದ್ಧ. ತಾಂಡಾದ ಮುದುಕಿಯು ಇದನ್ನು ಕಂಡ ಕ್ಷಣದಲ್ಲಿ ತಿಳಿಯುತ್ತಾಳೆ. ನಿರ್ದೇಶಕನಿಗೆ ಮಾತ್ರ ತಿಳಿಯದು. ಸಹೃದಯನೆಂದರೆ ಯಾರು ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ಅನಿರೀಕ್ಷಿತವಾದ ಉತ್ತರವು ದೊರೆಯುತ್ತದೆ. ಮೇಲಾಗಿ, ಈ ವೇಷವನ್ನು ನಿತ್ಯವೂ ಉಡುವವರು ಈಗ ಬಹುಮಟ್ಟಿಗೆ ವೃದ್ಧೆಯರೇ. ಕಿರಿಯರು ಸೀರೆಗೆ ತಿರುಗಿ, ಹಬ್ಬಕ್ಕೂ ಮದುವೆಗೂ ಮಾತ್ರ ಇದನ್ನು ಕಾದಿಟ್ಟಿದ್ದಾರೆ. ತಾಂಡಾದ ಸಮಸ್ತ ಯುವತಿಯರೂ ನೀರಿಗೆ ಹೋಗುವಾಗಲೂ ಕನ್ನಡಿಕಸೂತಿಯನ್ನು ಧರಿಸಿರುವಂತೆ ತೋರಿಸುವುದು ಕಾಲದೋಷ. ಹಾಗೆ ತೋರಿಸುವವರು ಸೌಂದರ್ಯವನ್ನು ತೋರಿಸುತ್ತಿದ್ದೇವೆಂದು ಭಾವಿಸಿರಬಹುದು. ತೋರುವುದು ಮಾತ್ರ ಜಾತ್ರೆಯ ಬೊಂಬೆ.

ಇದಕ್ಕೆ ಪರಿಹಾರವು ವೇಷವನ್ನು ಬಿಡುವುದಲ್ಲ, ವೇಷವನ್ನು ಓದುವುದು. ಅಜ್ಜಿಯು ಪೆಟ್ಟಿಗೆಯಿಂದ ತೆಗೆದ ಕಾಂಚಳಿಯನ್ನು ಸೀರೆಯುಟ್ಟ ಮೊಮ್ಮಗಳು ನೋಡುವ ಒಂದು ನೋಟದಲ್ಲಿ, ನೂರು ನರ್ತಕಿಯರ ಸುತ್ತಾಟದಲ್ಲಿಲ್ಲದ ಗೀತಾರ್ಥವು ಅಡಗಿದೆ. ಜಾರ್ಜ್ ಮೈಕೇಲನ ಚರ್ಮದಂಗಿಗೆ ಬೆಂಕಿ ಬಿದ್ದಂತೆ ಇಲ್ಲಿ ಪೆಟ್ಟಿಗೆ ತೆರೆಯುವುದೇ ವ್ಯಂಜಕ.

ಯೋಜನೆಯ ಮಾತು ಇನ್ನಿಷ್ಟು ಉಳಿದಿದೆ. ಗೀತಚಿತ್ರದಲ್ಲಿ ಹಾಡು ಮೊದಲೇ ಮುದ್ರಿತವಾಗಿರುವುದರಿಂದ ಕಾಲವು ಪೂರ್ವನಿಶ್ಚಿತ. ನಿಮಿಷಕ್ಕೆ 90 ಅಕ್ಷರಕಾಲದ ಲಯದಲ್ಲಿ ನಾಲ್ಕು ನಿಮಿಷದ ಹಾಡಿಗೆ 360 ಅಕ್ಷರಕಾಲ, ಆದಿತಾಳದಲ್ಲಿ 45 ಆವರ್ತ. ಹತ್ತು ವೇಷಗಳನ್ನು ಬದಲಾಯಿಸಿದರೆ ಒಂದೊಂದಕ್ಕೆ ನಾಲ್ಕೂವರೆ ಆವರ್ತ. ಅಷ್ಟರಲ್ಲಿ ಕಣ್ಣು ಬಣ್ಣವನ್ನು ಹಿಡಿದೀತೇ ಹೊರತು ನೇಯ್ಗೆಯನ್ನು ಹಿಡಿಯಲಾರದು. ಮೂರು ವೇಷಗಳಿಗೆ ಹದಿನೈದು ಹದಿನೈದು ಆವರ್ತಗಳಾದರೆ ಪಲ್ಲವಿಗೂ ಚರಣಗಳಿಗೂ ಹೊಂದುವ ಹಂಚಿಕೆಯಾಗುತ್ತದೆ. ಅತಿ ಸಣ್ಣ ಗೆರೆಗಳ ಬಟ್ಟೆಯು ಯಂತ್ರದ ಕಣ್ಣಿನಲ್ಲಿ ಅಲೆಯಲೆಯಾಗಿ ನಡುಗುವುದರಿಂದ ಅದನ್ನು ಮೊದಲೇ ಪರೀಕ್ಷಿಸತಕ್ಕದ್ದು. ಕನಗನಹಳ್ಳಿಯಂಥ ಸಂರಕ್ಷಿತ ಸ್ಥಳದಲ್ಲಿ ಚಿತ್ರೀಕರಣಕ್ಕೆ ಪುರಾತತ್ತ್ವ ಇಲಾಖೆಯ ಅನುಮತಿಯೂ, 2011ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿಧಾಮದಲ್ಲಿ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಇವೆಲ್ಲ ಕಾರಕೂನಿಕೆಯ ವಿಷಯಗಳು. ಇವಕ್ಕಿಂತ ಮುಖ್ಯವಾದದ್ದು ಧ್ವನಿ. ಲಂಬಾಣಿ ನೃತ್ಯದಲ್ಲಿ ನಾಣ್ಯವೂ ಬಳೆಯೂ ಕಾಲ್ಗಡಗವೂ ತಾವೇ ತಾಳವಾದ್ಯಗಳು. ಮುದ್ರಿತ ಗೀತೆಗೆ ಕುಣಿಸಿದಾಗ ಅವು ಮೂಕವಾಗುತ್ತವೆ. ವೇಷವೇ ಮುಂದಾಳಾಗಬೇಕಾದ ಚಿತ್ರದಲ್ಲಿ ವೇಷದ ದನಿಯನ್ನು ಹಾಡು ಮುದ್ರಿಸುವ ಮುನ್ನವೇ ಸೇರಿಸಿಕೊಳ್ಳಬೇಕು. ಎಂದರೆ ವೇಷಕಾರನು ಸಂಗೀತಕಾರನ ಬಳಿಗೆ ಮೊದಲು ಹೋಗಬೇಕು. ಈಗ ನಡೆಯುತ್ತಿರುವುದು ಇದಕ್ಕೆ ತಲೆಕೆಳಗು.

ಕಡೆಯದಾಗಿ ಕರ್ತೃತ್ವದ ಪ್ರಶ್ನೆ. 2012ರಲ್ಲಿ ಕೃತಿಸ್ವಾಮ್ಯದ ಕಾಯಿದೆಗೆ ತಿದ್ದುಪಡಿಯಾಗಿ ಗೀತಕಾರನಿಗೂ ರಾಗಸಂಯೋಜಕನಿಗೂ ಸಂಭಾವನೆಯ ಹಕ್ಕು ಗಟ್ಟಿಯಾಯಿತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆಯುಂಟು. 2023ರ ಜುಲೈಯಲ್ಲಿ ಹಂಪೆಯಲ್ಲಿ ಜಿ-20 ಸಭೆಯ ಕಾಲಕ್ಕೆ ಆ ಕಸೂತಿಯ 1755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ಆದರೆ ಆ ಮನ್ನಣೆಯು ಮಾರಾಟದ ಸರಕಿನ ಹೆಸರನ್ನು ಕಾಯುವುದೇ ಹೊರತು ತೆರೆಯಮೇಲಿನ ರೂಪವನ್ನು ಕಾಯುವುದಲ್ಲ. ಚಿಂಚೋಳಿಯ ತಾಂಡಾಗಳಿಗಂತೂ ಆ ಹೆಸರೂ ಸಲ್ಲದು. ಹಾಡಿನ ಕಡೆಯಲ್ಲಿ ಕ್ಷೌರಾಲಂಕಾರ ಮಾಡಿದವರ, ದೀಪ ಹಿಡಿದವರ, ವಾಹನ ನಡೆಸಿದವರ ಹೆಸರುಗಳೂ ಹಾದುಹೋಗುತ್ತವೆ. ಕಾಂಚಳಿಗೆ ಸೂಜಿ ಚುಚ್ಚಿದವಳ ಹೆಸರು ಮಾತ್ರ ಕಾಣುವುದಿಲ್ಲ. ಅಷ್ಟು ಹೆಸರುಗಳಿಗೆ ಕಾಲವೆಲ್ಲಿಯದು ಎಂದು ಶಂಕಿಸಬಹುದು. ಮೇಲಿನ ಲೆಕ್ಕದಲ್ಲಿ ಎರಡು ಆವರ್ತಗಳಿಗೆ ಸುಮಾರು 11 ಸೆಕೆಂಡುಗಳಾಗುತ್ತವೆ. ನಾಲ್ವರು ಸ್ತ್ರೀಯರ ಹೆಸರನ್ನೂ ಅವರ ತಾಂಡಾದ ಹೆಸರನ್ನೂ ಓದುವುದಕ್ಕೆ ಅದು ಧಾರಾಳವಾಗಿ ಸಾಕು.