ಕತ್ತರಿಗೆ ಮೊದಲಿನ ಕಣ್ಣು

ಜತ್ತ ತಾಲೂಕಿನ ಶೇಗಾಂವದಂಥ ಊರಲ್ಲಿ ಹಿರಿಯರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದರೆ ಮಿರಜಿನ ಹೆಸರು ಬಾಯಿಗೆ ಬರುತ್ತದೆ. ಡಾ. ವಾನ್ಲೆಸ್ 1890ರ ದಶಕದಲ್ಲಿ ಆಸ್ಪತ್ರೆ ಕಟ್ಟಿದಾಗಿನಿಂದ ಗಡಿ ಕನ್ನಡಿಗರಿಗೂ ಅದು ದವಾಖಾನೆಗಳ ಊರು.

ಈ ಕ್ಯಾನ್ಸರಿನ ಆಪರೇಷನ್‌ಗೆ ಮುಂಚಿನ ಎಂಆರ್‌ಐ ನಿಜಕ್ಕೂ ಸೋಜಿಗದ ಕೆಲಸ. ಗ್ರಂಥಿಯ ಹೊರವಲಯ ಬೆಳ್ಳಗೆ, ಗಡ್ಡೆ ಕಪ್ಪಗೆ. ಸುತ್ತ ಕೂದಲೆಳೆಯಂಥ ಕರಿಗೆರೆಯೇ ಪೊರೆ. ಗಡ್ಡೆ ಅದರೊಳಗೇ ಇದ್ದರೆ ಎರಡನೇ ಹಂತ. ಪೊರೆ ದಾಟಿದ್ದರೆ, ವೀರ್ಯಕೋಶ ಹೊಕ್ಕಿದ್ದರೆ ಮೂರನೆಯದು. ಬೆರಳ ಪರೀಕ್ಷೆಗೆ ಸಿಗದ ಮುಂಭಾಗದ ಗಡ್ಡೆಯೂ ಕಾಣುತ್ತದೆ. ಪೊರೆಗೆ ಅಂಟಿಕೊಂಡೇ ಸಾಗುವ ನಿಮಿರುವಿಕೆಯ ನರಗಳನ್ನು ಉಳಿಸಬಹುದೇ ಎಂದು ಸರ್ಜನ್ ತೂಗುವುದು ಈ ಚಿತ್ರ ನೋಡಿಯೇ. ದಾಂಪತ್ಯದ ಮಾತದು, ಸಣ್ಣದಲ್ಲ! ಸೂಕ್ಷ್ಮದರ್ಶಕಕ್ಕಷ್ಟೇ ಸಿಗುವ ಹರಡುವಿಕೆ ಎಂಆರ್‌ಐ ಕಣ್ಣಿಗೂ ತಪ್ಪೀತು. ಬಯಾಪ್ಸಿ ಆಗಿದ್ದರೆ, ಒಳಗಿನ ರಕ್ತ ಕರಗಲು ಕೆಲವು ವಾರ ಬಿಟ್ಟು ತೆಗೆಸಿದಾಗ ಚಿತ್ರ ಹೆಚ್ಚು ತಿಳಿಯಾಗಿರುತ್ತದೆ.