ಬಂಡೆಗೊಂದು ಟೋಪಿ, ಡಾಂಬರಿಗೊಂದು ಟೋಪಿ

ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರವರಿ 28ರಂದು. ಗಣಿ ಹೋಗಿ ಇಷ್ಟು ವರ್ಷವಾದರೂ ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಉರಿಗಾಂ ಕಡೆಯ ಲೈನ್ ಮನೆಗಳಲ್ಲಿ ಅಪ್ಪನದೋ ಅಜ್ಜನದೋ ಗಣಿ ಟೋಪಿ ಗೂಟಕ್ಕೆ ನೇತುಬಿದ್ದಿರುವುದುಂಟು. ಅದು ತಲೆಯ ಮೇಲಿಲ್ಲದೆ ಒಳಗೆ ಇಳಿಯುವಂತಿರಲಿಲ್ಲ. ಆದರೆ ಮನೆಯಿಂದ ಶಾಫ್ಟ್ ತನಕ ಸೈಕಲ್ ತುಳಿದು ಹೋಗುವಾಗ ತಲೆಗೆ ಏನಾದರೂ ಬೇಕು ಎಂಬ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಬರಬೇಕಾದ ಕಾರಣವೂ ಆಗ ಅಷ್ಟಿರಲಿಲ್ಲ. ಈಗಲೂ ಕೆಜಿಎಫ್‌ನಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ಸೈಕಲ್ ಮೇಲೆ ಹೆಲ್ಮೆಟ್ ಕಂಡಿತೆಂದರೆ ಅದು ಹೆಚ್ಚಾಗಿ ರಜೆಯ ದಿನ ಬೆಂಗಳೂರಿನಿಂದ ತುಳಿದುಕೊಂಡು ಬಂದವರದು. ದಿನವೂ ಹೊಟ್ಟೆಪಾಡಿಗೆ, ಶಾಲೆಗೆ, ಸ್ಟೇಷನ್ನಿಗೆ ತುಳಿಯುವವರದು ಬರಿ ತಲೆ.

ಈ ರೂಢಿಯನ್ನು ನಾವು ಪರೀಕ್ಷೆ ಮಾಡಿ ಒಪ್ಪಿಕೊಂಡದ್ದಲ್ಲ. ಹಿರಿಯರು ಹಾಗೆ ತುಳಿದರು, ನಾವೂ ತುಳಿಯುತ್ತಿದ್ದೇವೆ. ಆದರೆ ಹಿರಿಯರು ತುಳಿದ ರಸ್ತೆ ಈಗಿಲ್ಲ. ಗಣಿ ನಿಂತ ಮೇಲೆ ಊರಿನ ಅರ್ಧ ಬದುಕು ಮಾರಿಕುಪ್ಪಂ–ಬಂಗಾರಪೇಟೆ ರೈಲಿನ ಮೇಲೆ, ಬೆಂಗಳೂರಿನ ಕೆಲಸದ ಮೇಲೆ ನಿಂತಿದೆ. ಬೆಳಕು ಹರಿಯುವ ಮೊದಲೇ ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳ ಕಡೆಗೆ ಸೈಕಲ್ ಹೊರಡುತ್ತದೆ. ಆ ಹೊತ್ತಿಗೇ ಕೋಲಾರದ ಕಡೆಯಿಂದ ತರಕಾರಿ ಲಾರಿಗಳು, ಕಾರ್ಖಾನೆ ಬಸ್ಸುಗಳು, ಹಾಲಿನ ಗಾಡಿಗಳು. ಬೂದಿಕೋಟೆ, ಕಾಮಸಮುದ್ರದ ಕಡೆಯಿಂದ ಕ್ಯಾನು ಕಟ್ಟಿಕೊಂಡು ಡೈರಿಗೆ ಬರುವವರೂ ಅದೇ ರಸ್ತೆಯ ಅಂಚಿನಲ್ಲಿ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರು ಇದು. ಆದರೂ ಊರು ದಾಟಿದ ಮೇಲೆ ದೀಪವಿಲ್ಲದ ಉದ್ದನೆಯ ತುಂಡುಗಳು ಇನ್ನೂ ಇವೆ.

ಸೈಕಲ್ ಹೆಲ್ಮೆಟ್ ಎಂಬ ವಸ್ತುವನ್ನು ಮೊದಲು ಕೈಗೆತ್ತಿಕೊಂಡು ನೋಡೋಣ. ತೂಕ ಸಾಮಾನ್ಯವಾಗಿ 250ರಿಂದ 350 ಗ್ರಾಂ. ಹೊರಗೆ ಉಗುರು ಒತ್ತಿದರೆ ಬಾಗುವಷ್ಟು ತೆಳುವಾದ ಪ್ಲಾಸ್ಟಿಕ್ ಹೊದಿಕೆ. ಅದರ ಒಳಗೆ ಎರಡು ಮೂರು ಸೆಂಟಿಮೀಟರ್ ದಪ್ಪದ ಗಟ್ಟಿ ಥರ್ಮಾಕೋಲ್, ಟಿವಿ ಪೆಟ್ಟಿಗೆಯ ಮೂಲೆಗೆ ಇಟ್ಟು ಕಳಿಸುತ್ತಾರಲ್ಲ, ಅದೇ ಜಾತಿಯದು. ನೋಡಿದವರಿಗೆ ಇದೇನು ಕಾಪಾಡೀತು ಅನ್ನಿಸುವುದು ಸಹಜ. ಕಾಪಾಡುವುದು ಅದರ ಗಟ್ಟಿತನವಲ್ಲ, ಅದು ಜಜ್ಜಿಹೋಗುವ ಗುಣ. ತಲೆ ಡಾಂಬರಿಗೆ ಅಪ್ಪಳಿಸಿದಾಗ ಆ ಎರಡು ಸೆಂಟಿಮೀಟರ್ ಅದುಮಿಕೊಳ್ಳುತ್ತದೆ, ಮಿದುಳು ಏಕಾಏಕಿ ನಿಲ್ಲುವ ಬದಲು ಚೂರು ತಡೆದು ನಿಲ್ಲುತ್ತದೆ. ಆದ್ದರಿಂದಲೇ ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿಯಿತು. ಬಿಸಾಡಿ ಹೊಸದು ತರಬೇಕು.

ಗೂಟದ ಮೇಲಿನ ಗಣಿ ಟೋಪಿ ಬೇರೆ ಕುಲದ್ದು. ಗಟ್ಟಿ ಚಿಪ್ಪು, ಚಿಪ್ಪಿಗೂ ನೆತ್ತಿಗೂ ನಡುವೆ ಪಟ್ಟಿಗಳ ಜಾಲ. ಮೇಲಿನಿಂದ ಕಲ್ಲು ಬಿದ್ದರೆ ಪಟ್ಟಿಗಳು ಆ ಭಾರವನ್ನು ಹಂಚಿಕೊಳ್ಳುತ್ತವೆ. ಅಂದರೆ ಅದು ಆಳು ನಿಂತಿರುವಾಗ ಮೇಲಿಂದ ಬೀಳುವ ವಸ್ತುವಿಗೆ ಮಾಡಿದ ಟೋಪಿ. ಸೈಕಲ್ ಹೆಲ್ಮೆಟ್ಟು ಆಳೇ ಹೋಗಿ ನೆಲಕ್ಕೆ ಬೀಳುವುದಕ್ಕೆ ಮಾಡಿದ್ದು; ಕಣತಲೆ, ಹಣೆ, ಹಿಂದಲೆ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಕಟ್ಟಡ ಕೆಲಸದ ಹಳದಿ ಟೋಪಿಯನ್ನೇ ಹಾಕಿಕೊಂಡು ಸೈಕಲ್ ತುಳಿಯುವವರನ್ನು ಬಂಗಾರಪೇಟೆಯಲ್ಲಿ ಕಾಣಬಹುದು. ಅವರ ಮನಸ್ಸಿನ ಎಚ್ಚರ ದೊಡ್ಡದು, ಆದರೆ ಟೋಪಿ ಆ ಕೆಲಸಕ್ಕೆ ಆಗುವುದಿಲ್ಲ. ಗಲ್ಲದ ಪಟ್ಟಿ ಇಲ್ಲದ ಟೋಪಿ ಬೀಳುವವನಿಗಿಂತ ಮೊದಲೇ ಹಾರಿಹೋಗುತ್ತದೆ. ಬೈಕಿನ ಹೆಲ್ಮೆಟ್ ಹಾಕಿಕೊಂಡರಾಗದೇ ಎಂದು ಕೇಳುವವರೂ ಇದ್ದಾರೆ. ಬರಿ ತಲೆಗಿಂತ ಖಂಡಿತ ಮೇಲು. ಆದರೆ ಅದು ಒಂದು ಕಿಲೋಗಿಂತ ಭಾರ, ಕಿವಿ ಮುಚ್ಚುತ್ತದೆ, ಏರು ತುಳಿಯುವಾಗ ಬೆವರಿನಲ್ಲಿ ಮುಳುಗಿಸುತ್ತದೆ. ನಾಲ್ಕನೇ ದಿನ ಅದು ಮನೆಯಲ್ಲೇ ಉಳಿಯುತ್ತದೆ.

ಸೈಕಲ್ ಹೆಲ್ಮೆಟ್ಟಿನ ಶಕ್ತಿಗೂ ಮಿತಿ ಇದೆ, ಅದನ್ನು ಬಚ್ಚಿಡಬಾರದು. ಯುರೋಪಿನ ಇಎನ್ 1078 ಮಾನದಂಡದಲ್ಲಿ ಹೆಲ್ಮೆಟ್ಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಸಪಾಟು ಉಕ್ಕಿನ ಮೇಲೆ ಬೀಳಿಸುತ್ತಾರೆ. ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 19.5 ಕಿಲೋಮೀಟರ್. ಅಮೆರಿಕದ ಸಿಪಿಎಸ್‌ಸಿ ಮಾನದಂಡದಲ್ಲಿ ಎತ್ತರ ಎರಡು ಮೀಟರ್, ವೇಗ 22ರ ಆಸುಪಾಸು. ಸೈಕಲ್ ಮೇಲೆ ಕೂತವನ ತಲೆ ನೆಲದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ. ಡಾಂಬರಿನ ಅಂಚು ಕುಸಿದು ಚಕ್ರ ಜಾರಿದಾಗ, ಬಣ್ಣ ಬಳಿಯದ ಹಂಪು ಕತ್ತಲಲ್ಲಿ ಎದುರಾದಾಗ, ಬೀದಿನಾಯಿ ಅಡ್ಡ ಬಂದಾಗ, ಲುಂಗಿಯೋ ದುಪಟ್ಟಾವೋ ಚೈನಿಗೆ ಸಿಕ್ಕಿದಾಗ ಆಗುವ ಬೀಳುವಿಕೆ ಇದೇ ಅಳತೆಯದು. ಅಲ್ಲಿ ಹೆಲ್ಮೆಟ್ ತನ್ನ ಮಾತು ಉಳಿಸಿಕೊಳ್ಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಲಾರಿ ನೇರವಾಗಿ ಹೊಡೆದರೆ, ಅದೇ ತಲೆ ಆ ವೇಗಕ್ಕೆ ಸಿಕ್ಕಾಗ ಅರಗಿಸಬೇಕಾದ ಶಕ್ತಿ ಇಎನ್ ಪರೀಕ್ಷೆಯ ಒಂಬತ್ತು ಪಟ್ಟನ್ನೂ ಮೀರುತ್ತದೆ. ಅಲ್ಲಿ ಥರ್ಮಾಕೋಲಿನ ಮೇಲೆ ಭರವಸೆ ಇಡುವುದು ತಪ್ಪು.

ಜಗತ್ತಿನ ಅನುಭವ ಏನು ಹೇಳುತ್ತದೆ? ಆಸ್ಟ್ರೇಲಿಯಾದ ಸಂಶೋಧಕರಾದ ಜೇಕ್ ಒಲಿವಿಯರ್ ಮತ್ತು ಪ್ರೂಡೆನ್ಸ್ ಕ್ರೈಟನ್ 40 ಅಧ್ಯಯನಗಳನ್ನು, ಅಪಘಾತಕ್ಕೊಳಗಾದ 64,000ಕ್ಕೂ ಹೆಚ್ಚು ಸೈಕಲ್ ಸವಾರರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಹೆಲ್ಮೆಟ್ ಇದ್ದವರಲ್ಲಿ ತಲೆಗಾಯದ ಸಂಭವ ಸುಮಾರು ಅರ್ಧಕ್ಕೆ ಇಳಿದಿತ್ತು. ತೀವ್ರ ತಲೆಗಾಯದ ಸಂಭವ ಶೇ. 69ರಷ್ಟು ಕಡಿಮೆ. ಹೆಲ್ಮೆಟ್ ಹಾಕಿದವರ ಪಕ್ಕದಲ್ಲಿ ಗಾಡಿಗಳು ಇನ್ನಷ್ಟು ಹತ್ತಿರ ಹಾದುಹೋಗುತ್ತವೆ ಎಂದು ಇಂಗ್ಲೆಂಡಿನ ಸಂಶೋಧಕ ಇಯಾನ್ ವಾಕರ್ ತಾವೇ ಸೈಕಲ್ ತುಳಿದು ಅಳೆದು ಹೇಳಿದ್ದುಂಟು. ಅವರು ಕಂಡ ಸರಾಸರಿ ವ್ಯತ್ಯಾಸ 8.5 ಸೆಂಟಿಮೀಟರ್. ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದವರು ಆ ತೀರ್ಮಾನವನ್ನು ಒಪ್ಪಲಿಲ್ಲ. ಆ ಚರ್ಚೆ ಅತ್ತಿತ್ತ ಆದರೂ ನೆಲಕ್ಕೆ ಬಿದ್ದ ತಲೆಯ ವಿಷಯದಲ್ಲಿ ಅನುಮಾನ ಉಳಿದಿಲ್ಲ.

ಇನ್ನು ಕಾನೂನು. ಹೆಲ್ಮೆಟ್ ಕಡ್ಡಾಯ ಮಾಡುವ ಮೋಟಾರು ವಾಹನ ಕಾಯ್ದೆ 1988ರ 129ನೇ ಕಲಂ ಬೈಕು, ಸ್ಕೂಟರುಗಳಿಗೆ ಮಾತ್ರ. ಸೈಕಲ್ ಮೋಟಾರು ವಾಹನವಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 50,029 ಮಂದಿ ಹೆಲ್ಮೆಟ್ ಇಲ್ಲದ ಬೈಕ್ ಸವಾರರು, ಹಿಂಬದಿ ಸವಾರರು ಎಂದು ಕೇಂದ್ರದ ವರದಿಯೇ ಹೇಳುತ್ತದೆ. ಕಡ್ಡಾಯ ಮಾಡಿದ ಕಡೆಯಲ್ಲೇ ಪಾಡು ಇದು. ಸೈಕಲ್ಲಿಗೂ ಕಡ್ಡಾಯ ಮಾಡಿ ಎನ್ನುವವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರ ಜುಲೈ 1ರಂದು ಕಡ್ಡಾಯ ಮಾಡಿದ ಮೇಲೆ ಹೆಲ್ಮೆಟ್ ಹಾಕುವವರು ಹೆಚ್ಚಿದರು, ಸೈಕಲ್ ಹತ್ತುವ ಹದಿಹರೆಯದವರು ಕಡಿಮೆಯಾದರು. ಮೆಕ್ಸಿಕೊ ಸಿಟಿ 2010ರಲ್ಲಿ ಕಡ್ಡಾಯವನ್ನು ಕೈಬಿಟ್ಟಿತು. ಸಿಯಾಟಲ್ ಇರುವ ಕಿಂಗ್ ಕೌಂಟಿ 2022ರಲ್ಲಿ ರದ್ದು ಮಾಡಿತು, ಏಕೆಂದರೆ ದಂಡ ಬೀಳುತ್ತಿದ್ದದ್ದು ಮನೆಯಿಲ್ಲದವರ ಮೇಲೆ, ಕರಿಯರ ಮೇಲೆ ಹೆಚ್ಚಾಗಿ. ಬಂಗಾರಪೇಟೆಯಲ್ಲಿ ಇಂಥ ಕಾನೂನು ಬಂದರೆ ದಂಡ ಕಟ್ಟುವವರು ಯಾರು? ಹಾಲಿನ ಕ್ಯಾನಿನವರು, ಗಾರೆ ಕೆಲಸದವರು, ಹಳೆ ಅಟ್ಲಾಸ್ ಸೈಕಲ್ಲನ್ನೇ ನಂಬಿದ ಮುದುಕರು. ಕಾರಿನಲ್ಲಿ ಹೋಗುವವರಿಗೆ ಅದರ ಬಿಸಿ ತಾಗುವುದೇ ಇಲ್ಲ.

ಟೋಪಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಕೆಜಿಎಫ್‌ನವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಆ ಆಳದಲ್ಲಿ ಬಂಡೆ ಒತ್ತಡ ತಾಳಲಾರದೆ ಸಿಡಿಯುತ್ತಿತ್ತು. ಇಂಥ ರಾಕ್ ಬರ್ಸ್ಟ್ ಆದರೆ ಮೇಲೆ ಊರಿನ ಮನೆಗಳೂ ನಡುಗುತ್ತಿದ್ದವು. ಅಂಥದ್ದಕ್ಕೆ ತಲೆಯ ಟೋಪಿ ಉತ್ತರ ಎಂದು ಯಾರೂ ಹೇಳಲಿಲ್ಲ. ಅದಿರು ತೆಗೆದ ಜಾಗಕ್ಕೆ ಕೆತ್ತಿದ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿದರು, ಮರದ ಆಸರೆ ಕೊಟ್ಟರು, ನೆಲದ ಕಂಪನ ಅಳೆದರು. ಮೊದಲು ಚಾವಣಿ ನಿಲ್ಲಬೇಕು, ಗಾಳಿ ಬರಬೇಕು, ದೀಪ ಇರಬೇಕು; ಟೋಪಿ ಅವೆಲ್ಲದರ ನಂತರದ್ದು. ಆದರೂ ಟೋಪಿಯನ್ನು ಯಾರೂ ಕೈಬಿಡಲಿಲ್ಲ. ದೊಡ್ಡ ಸಿಡಿತಕ್ಕೆ ಅದು ಏನೂ ಮಾಡಲಾರದು ಎಂದು ಗೊತ್ತಿದ್ದವರೇ, ಮುಷ್ಟಿಗಾತ್ರದ ಕಲ್ಲಿಗೆ ಅದು ಸಾಕು ಎಂದು ದಿನವೂ ಹಾಕಿಕೊಂಡು ಇಳಿದರು. ನನ್ನ ವಾದವೆಲ್ಲ ಇದರಲ್ಲೇ ಇದೆ. ಲಾರಿಗೆ ಉತ್ತರ ರಸ್ತೆಯಲ್ಲಿ ಸಿಗಬೇಕು: ಅಂಚು ತುಂಬಬೇಕು, ಹಂಪಿಗೆ ಬಿಳಿ ಬಣ್ಣ ಬೀಳಬೇಕು, ದೀಪ ಉರಿಯಬೇಕು, ಊರೊಳಗೆ ವೇಗ ಇಳಿಯಬೇಕು. ಹೆಲ್ಮೆಟ್ ಹಾಕಿಕೊಳ್ಳಿ ಎಂದು ಸವಾರನಿಗೆ ಬುದ್ಧಿ ಹೇಳಿ ಇಲಾಖೆ ಕೈತೊಳೆದುಕೊಳ್ಳುವಂತಿಲ್ಲ. ರಸ್ತೆ ಸರಿಯಾಗಲಿ, ಆಮೇಲೆ ಹಾಕಿಕೊಳ್ಳುತ್ತೇನೆ ಎಂದು ಸವಾರ ಕಾದು ಕೂರುವಂತೆಯೂ ಇಲ್ಲ.

ನಮ್ಮಲ್ಲಿ ಹೆಲ್ಮೆಟ್ ಬೇಡವೆನ್ನಲು ಹೇಳುವ ಮಾತುಗಳನ್ನೂ ನೋಡಬೇಕು. 'ಸೆಕೆ' ಎನ್ನುತ್ತಾರೆ. ಸೈಕಲ್ ಹೆಲ್ಮೆಟ್ಟಿಗೆ ಕಿಂಡಿಗಳಿವೆ, ಈ ಊರಿನ ಬೆಳಗಿನ ಜಾವ ತಂಪೇ. ಇದು ದೊಡ್ಡ ಮಾತಲ್ಲ. 'ನಿಧಾನ ತಾನೇ ಹೋಗೋದು' ಎನ್ನುತ್ತಾರೆ. ನಿಂತಲ್ಲೇ ಬಿದ್ದರೂ ತಲೆ ಬೀಳುವ ಎತ್ತರ ಅಷ್ಟೇ. 'ನೋಡಿದವರು ನಗ್ತಾರೆ' ಎನ್ನುವ ಮಕ್ಕಳ ಮಾತನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಾಗ ಹಳ್ಳಿಯ ಹೆಣ್ಣುಮಕ್ಕಳು ಗುಂಪಾಗಿ ತುಳಿದುಕೊಂಡು ಹೋದರು. ಒಬ್ಬಳೇ ಹೋಗಲು ಹಿಂಜರಿಯುತ್ತಿದ್ದವಳಿಗೆ ಹತ್ತು ಜನರ ಜೊತೆ ಸಿಕ್ಕಿತು. ಹೆಲ್ಮೆಟ್ಟೂ ಹಾಗೆಯೇ ಬರಬೇಕು. ಒಂದು ಶಾಲೆಯ ಒಂದು ತರಗತಿ ಪೂರ್ತಿ ಹಾಕಿಕೊಂಡರೆ ನಗುವವರು ಯಾರೂ ಉಳಿಯುವುದಿಲ್ಲ.

ಹಾಗಾದರೆ ಯಾರು ಹಾಕಬೇಕು? ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ ಬೀದಿಯಲ್ಲಿ ಸೊಪ್ಪು ತರಲು ನಾಲ್ಕು ಹೆಜ್ಜೆ ತುಳಿಯುವ ದೊಡ್ಡವರನ್ನು ನಾನು ಒತ್ತಾಯಿಸುವುದಿಲ್ಲ. ಹಾಕಿದರೆ ಒಳ್ಳೆಯದು, ಬಿಟ್ಟರೆ ಅವರ ಇಷ್ಟ. ಕೆಜಿಎಫ್–ಬಂಗಾರಪೇಟೆ ರಸ್ತೆಗೆ, ಬಂಗಾರಪೇಟೆ–ಕೋಲಾರ ರಸ್ತೆಗೆ, ಬೇತಮಂಗಲದ ಕಡೆಗೆ ಇಳಿಯುವವರು ಹಾಕಲೇಬೇಕು. ಕತ್ತಲಲ್ಲಿ ತುಳಿಯುವವರು ಮೊದಲು ಹಿಂದೆ ಒಂದು ಕೆಂಪು ದೀಪ, ಮುಂದೆ ಒಂದು ಬಿಳಿ ದೀಪ ಕಟ್ಟಲಿ, ಆಮೇಲೆ ಹೆಲ್ಮೆಟ್. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ದೀಪಕ್ಕೇ ಹಾಕಲಿ. ಮಕ್ಕಳ ವಿಷಯದಲ್ಲಿ ರಸ್ತೆಯ ಲೆಕ್ಕವಿಲ್ಲ, ಬೀದಿಯಾದರೂ ಬೇಕು. ತಲೆಗೆ ಬಲವಾದ ಪೆಟ್ಟಾದರೆ ಇಲ್ಲಿಂದ ಕೋಲಾರದ ತಮಕದ ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಓಡಬೇಕು. ಆ ದಾರಿಯ ಒಂದೊಂದು ನಿಮಿಷವೂ ದುಬಾರಿ.

ಕೊಳ್ಳುವಾಗ ಒಳಗಿನ ಚೀಟಿಯಲ್ಲಿ ಇಎನ್ 1078 ಅಥವಾ ಸಿಪಿಎಸ್‌ಸಿ ಎಂದು ಬರೆದಿದೆಯೇ ನೋಡಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಅಂಚು ಕೂರಬೇಕು. ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು. ಗಲ್ಲದಡಿ ಒಂದು ಬೆರಳು ಮಾತ್ರ ತೂರಬೇಕು. ಹಿಂದಲೆಗೆ ಸರಿಸಿ ಟೋಪಿಯಂತೆ ಹಾಕಿಕೊಂಡರೆ ಮುಂದಕ್ಕೆ ಬಿದ್ದಾಗ ಹಣೆಯೇ ಮೊದಲು ನೆಲ ಮುಟ್ಟುತ್ತದೆ.

ಕೊನೆಗೆ ಉಳಿಯುವುದು ಬಹಳ ಸಣ್ಣದೆನಿಸುವ, ಆದರೆ ನಿಜವಾದ ತೊಡಕು. ರೈಲಿಗೆ ಹೋಗುವವರು ಸೈಕಲ್ಲನ್ನು ಸ್ಟ್ಯಾಂಡಿನಲ್ಲಿ ಬಿಟ್ಟರೆ ಮತ್ತೆ ಮುಟ್ಟುವುದು ರಾತ್ರಿಗೆ. ಹೆಲ್ಮೆಟ್ಟನ್ನು ಹ್ಯಾಂಡಲಿಗೆ ಸಿಕ್ಕಿಸಿದರೆ ಕಳುವಿನ ಭಯ, ಮಳೆಯಲ್ಲಿ ನೆನೆಯುವ ಭಯ. ಕಾಲಿಡಲು ಜಾಗವಿಲ್ಲದ ಬೋಗಿಯಲ್ಲಿ ಬೆಂಗಳೂರಿನ ತನಕ ಕೈಯಲ್ಲಿ ಹಿಡಿದು ನಿಲ್ಲಲು ಆಗದು. ಸಾವಿರ ರೂಪಾಯಿಯ ಆಸುಪಾಸಿನ ವಸ್ತುವನ್ನು ಎಲ್ಲಿಡಬೇಕೆಂದು ತಿಳಿಯದೆ ಕೊಳ್ಳದಿರುವವರನ್ನು ಬೇಜವಾಬ್ದಾರಿ ಎಂದು ಕರೆಯುವುದು ಅನ್ಯಾಯ. ಆದ್ದರಿಂದ ರೈಲ್ವೆಯವರಲ್ಲಿ, ಸ್ಟ್ಯಾಂಡ್ ಗುತ್ತಿಗೆ ಹಿಡಿದವರಲ್ಲಿ ಒಂದು ಕೋರಿಕೆ: ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗೆ ಪ್ರತಿ ನಿಲ್ದಾಣದ ಸೈಕಲ್ ಸ್ಟ್ಯಾಂಡಿನಲ್ಲಿ ಟೋಕನ್ ಕೊಟ್ಟು ಹೆಲ್ಮೆಟ್ ಇಟ್ಟುಕೊಳ್ಳುವ ಒಂದು ಬೀಗದ ಕಪಾಟು ಹಾಕಿಸಿಕೊಡಿ. ಈ ಮಳೆಗಾಲಕ್ಕೆ ಮೊದಲೇ ಹಾಕಿಸಿಕೊಡಿ.